ಬಂಕಿನ ಸಿಸಿಟಿವಿಯಿಂದ ಕೋರ್ಟಿನವರೆಗೆ

ರಸ್ತೆ ಬದಿಯ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಇವತ್ತು ರೆಕಾರ್ಡ್ ಆದದ್ದು ಎಷ್ಟು ದಿನ ಉಳಿಯುತ್ತದೆ? ತಿಂಗಳುಗಟ್ಟಲೆ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇರುವುದಿಲ್ಲ. ಕ್ಯಾಮೆರಾದ ರೆಕಾರ್ಡಿಂಗ್ ಇಟ್ಟುಕೊಳ್ಳುವ ಡಿವಿಆರ್ ಪೆಟ್ಟಿಗೆಯ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಕ್ಯಾಮೆರಾ ಜಾಸ್ತಿ ಇದ್ದು ಡಿಸ್ಕ್ ಸಣ್ಣದಿದ್ದರೆ ಒಂದೆರಡು ವಾರಕ್ಕೇ ಮುಗಿಯಿತು. ಯಾರೂ ಕೈಯಾರೆ ಅಳಿಸಬೇಕಾಗಿಲ್ಲ. ಪೊಲೀಸ್ ತನಿಖೆಗೆ ತಿಂಗಳುಗಳಿರುತ್ತವೆ. ಪರಿಹಾರದ ಅರ್ಜಿ ಹಾಕಲು ಆರು ತಿಂಗಳಿರುತ್ತದೆ. ವಿಡಿಯೋಗೆ ಅಷ್ಟು ಆಯಸ್ಸಿಲ್ಲ. ತಮ್ಮನ ಅಪಘಾತದ ನಂತರ ನಾನು ಓಡಾಡಿದ್ದನ್ನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಈ ಒಂದು ಕಾರಣಕ್ಕೆ.

ನಮ್ಮ ಮನೆ ಮಂಡ್ಯದಲ್ಲಿ. ತಮ್ಮ ಮದ್ದೂರಿನ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾನೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸುವ ಹಾಗಿಲ್ಲ. ಹಾಗಾಗಿ ಅವನಿಗೆ ಸರ್ವಿಸ್ ರಸ್ತೆಯೇ ಗತಿ. ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಹಾಲಿನ ಗಾಡಿ, ದನ, ಶಾಲೆ ಮಕ್ಕಳು ಎಲ್ಲರೂ ಇರುತ್ತಾರೆ. ಸುತ್ತಿ ಬರಬೇಕಲ್ಲ ಅಂತ ಎದುರು ದಿಕ್ಕಿನಲ್ಲಿ ಬರುವ ಬೈಕುಗಳೂ ಇರುತ್ತವೆ. ಈ ಕೊನೆಯ ವಿಷಯವೇ ನಮಗೆ ಕುತ್ತಿಗೆಗೆ ಬಂದದ್ದು.

2025ರ ಜನವರಿಯ ಒಂದು ಸಂಜೆ, ಏಳು ಗಂಟೆ ದಾಟಿತ್ತು. ತಮ್ಮ ಮದ್ದೂರಿನ ಕಡೆಯಿಂದ ಮಂಡ್ಯಕ್ಕೆ ವಾಪಸ್ ಬರುತ್ತಿದ್ದ. ಗೆಜ್ಜಲಗೆರೆಯಿಂದ ಮುಂದೆ ಒಂದು ಅಂಡರ್‌ಪಾಸ್ ಹತ್ತಿರ ಕಾರೊಂದು ಒಳಗಿನಿಂದ ಸರ್ವಿಸ್ ರಸ್ತೆಗೆ ನುಗ್ಗಿ ಅವನ ಬೈಕಿಗೆ ಪಕ್ಕದಿಂದ ಹೊಡೆಯಿತು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದವು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಅಲ್ಲಿದ್ದವರೇ 108ಕ್ಕೆ ಫೋನ್ ಮಾಡಿದರು. ಆಮೇಲೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಆಪರೇಷನ್, ಕಾಲಿಗೆ ರಾಡ್. ಕಾರು ನಿಂತಿತ್ತು, ಓಡಿಸುತ್ತಿದ್ದವರೂ ಇಳಿದು ಬಂದಿದ್ದರು. ಆದರೆ ಪೊಲೀಸರ ಮುಂದೆ ಅವರು ಹೇಳಿದ್ದು: ‘ಬೈಕಿನವನು ರಾಂಗ್ ಸೈಡಲ್ಲಿ ಬಂದ.’

ತಮ್ಮನಿಗೆ ಡಿಕ್ಕಿಯ ನೆನಪೇ ಇರಲಿಲ್ಲ. ಬಂಕ್ ದಾಟಿದ್ದು ನೆನಪಿದೆ, ಕಣ್ಣು ಬಿಟ್ಟಾಗ ಯಾರೋ ನೀರು ಕುಡಿಸುತ್ತಿದ್ದರು ಅಂದ. ನಡುವೆ ಏನೂ ಇಲ್ಲ. ಅವನ ಪರವಾಗಿ ಮಾತಾಡಲು ಯಾರಿದ್ದಾರೆ ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಆ ಬಂಕು.

ನಾನು ದೂರು ಕೊಟ್ಟೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೊಟ್ಟರು. ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಚಿಕ್ಕಪ್ಪನ ಮಗನ ಜೊತೆ ಆ ಜಾಗಕ್ಕೆ ಹೋದೆ. ತಮ್ಮನ ಹತ್ತಿರ ಆಸ್ಪತ್ರೆಯಲ್ಲಿ ಅಮ್ಮ ಇದ್ದರು.

ಕ್ಯಾಮೆರಾ ಹುಡುಕುವುದಕ್ಕೆ ಕಾಲ್ನಡಿಗೆಯೇ ಸರಿ. ಬೈಕಿನಲ್ಲಿ ಹೋದರೆ ಕಾಣುವುದಿಲ್ಲ. ಅಂಡರ್‌ಪಾಸಿನ ಎರಡೂ ಕಡೆ ನಡೆದು, ಪ್ರತಿ ಅಂಗಡಿಯ ಸೂರಿನ ಕೆಳಗೆ ತಲೆಯೆತ್ತಿ ನೋಡಿದೆವು. ಕ್ಯಾಮೆರಾ ಇದ್ದರೆ ಸಾಲದು, ಅದು ಯಾವ ಕಡೆ ನೋಡುತ್ತಿದೆ ಅನ್ನುವುದು ಮುಖ್ಯ. ಅಂಗಡಿಯವರು ಕ್ಯಾಮೆರಾ ಹಾಕುವುದು ಗಲ್ಲಾಪೆಟ್ಟಿಗೆ ನೋಡಿಕೊಳ್ಳಲು, ರಸ್ತೆ ನೋಡಲು ಅಲ್ಲ. ಒಂದು ಬೇಕರಿಯ ಕ್ಯಾಮೆರಾ ಸರಿಯಾಗಿ ರಸ್ತೆ ಕಡೆಗೇ ಇತ್ತು. ಕೇಳಿದರೆ ಅದಕ್ಕೆ ವೈರೇ ಇಲ್ಲ, ಕಳ್ಳರಿಗೆ ಹೆದರಿಕೆ ಇರಲಿ ಅಂತ ಹಾಕಿದ್ದಾರೆ. ಹೆದ್ದಾರಿಯ ಮೇಲೆ ಕಂಬದಲ್ಲಿ ದೊಡ್ಡ ಕ್ಯಾಮೆರಾಗಳನ್ನು ನೋಡಿ ಒಂದು ಕ್ಷಣ ಆಸೆ ಆಯಿತು. ಆದರೆ ಅವು ನೋಡುತ್ತಿದ್ದದ್ದು ಮೇಲಿನ ರಸ್ತೆಯನ್ನು. ನಮ್ಮ ಘಟನೆ ಕೆಳಗಿನ ರಸ್ತೆಯದ್ದು.

ಕೊನೆಗೆ ಉಳಿದದ್ದು ಎರಡು. ಒಂದು ಅಂಡರ್‌ಪಾಸಿಗಿಂತ ಹಿಂದೆ, ಮದ್ದೂರಿನ ಕಡೆ ಇರುವ ಪೆಟ್ರೋಲ್ ಬಂಕ್. ಇನ್ನೊಂದು ಅಂಡರ್‌ಪಾಸ್ ಬಾಯಿಗೆ ಓರೆಯಾಗಿರುವ ಹಾರ್ಡ್‌ವೇರ್ ಅಂಗಡಿ. ಹೊರಗೆ ಪೈಪು, ನೀರಿನ ಟ್ಯಾಂಕು ಜೋಡಿಸಿರುತ್ತಾರೆ, ರಾತ್ರಿ ಕಾವಲಿಗೆ ಅಂತ ಒಂದು ಕ್ಯಾಮೆರಾ.

ಬಂಕಿನ ಮ್ಯಾನೇಜರ್ ಒಳ್ಳೆಯ ಮನುಷ್ಯ. ಆದರೆ ಮೊದಲಿಗೆ, ‘ಅಕ್ಕಾ, ಓನರ್ ಕೇಳ್ದೆ ಕೊಡಕ್ಕಾಗಲ್ಲ. ಪೊಲೀಸ್ನೋರು ಬಂದು ಕೇಳ್ಲಿ, ಕೊಡ್ತೀವಿ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬೇರೆಯವರ ವಿಡಿಯೋವನ್ನು ಬಂದವರಿಗೆಲ್ಲ ಕೊಡುತ್ತಾ ಕೂರಲು ಆಗುತ್ತದಾ? ನಾನು, ‘ನನಗೆ ಈಗ ಕೊಡಬೇಡಿ ಅಣ್ಣ. ಅಳಿಸಿ ಹೋಗದ ಹಾಗೆ ಎತ್ತಿಡಿ, ಅಷ್ಟೇ ಸಾಕು’ ಅಂದೆ. ಈ ಮಾತು ಕೆಲಸ ಮಾಡಿತು. ಕೊಡಿ ಅಂದರೆ ಜನಕ್ಕೆ ಭಯ. ಎತ್ತಿಡಿ ಅಂದರೆ ಅಷ್ಟು ಭಯ ಇಲ್ಲ. ಯಾರೇ ಈ ಕೆಲಸಕ್ಕೆ ಹೋಗಲಿ, ಮೊದಲು ಕೇಳಬೇಕಾದದ್ದು ಎತ್ತಿಡಿ ಅಂತಲೇ.

ಅಲ್ಲೇ ಕೂತು ಒಂದು ಪತ್ರ ಬರೆದೆ. ಇಂಥ ದಿನ, ಸಂಜೆ 6ರಿಂದ 8ರವರೆಗಿನ ಎಲ್ಲ ಕ್ಯಾಮೆರಾಗಳ ರೆಕಾರ್ಡಿಂಗ್ ಕಾಯ್ದಿಡಬೇಕು, ಇಂಥ ನಂಬರಿನ ಎಫ್‌ಐಆರ್ ಆಗಿದೆ, ಪೊಲೀಸರು ಅಥವಾ ಕೋರ್ಟು ಕೇಳಿದಾಗ ಕೊಡಬೇಕು ಅಂತ. ಸಮಯ ಯಾಕೆ ಇಷ್ಟು ಅಗಲ ಇಟ್ಟೆ ಅಂದರೆ ಡಿವಿಆರ್‌ಗಳ ಗಡಿಯಾರ ಸರಿ ಇರುತ್ತದೆ ಅಂತ ನಂಬುವ ಹಾಗಿಲ್ಲ. ಇನ್ನೊಂದು ಪ್ರತಿಯ ಮೇಲೆ ಮ್ಯಾನೇಜರ್ ಸಹಿ, ಬಂಕಿನ ಸೀಲು, ತಾರೀಕು ಹಾಕಿಸಿಕೊಂಡೆ. ಅದೇ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಓನರ್‌ಗೂ ಕಳಿಸಿದೆ. ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಸ್ಪೀಡ್ ಪೋಸ್ಟಿನಲ್ಲೇ ಕಳಿಸಬಹುದು. ಮುಂದೆ ಯಾರಾದರೂ ವಿಡಿಯೋ ಇಲ್ಲ ಅಂದರೆ, ನಾವು ಇಂಥ ದಿನ ಕೇಳಿದ್ದೆವು ಅಂತ ತೋರಿಸಲು ಕೈಯಲ್ಲೊಂದು ಕಾಗದ ಬೇಕು.

ಹಾರ್ಡ್‌ವೇರ್ ಅಂಗಡಿಯ ಯಜಮಾನರು ವಯಸ್ಸಾದವರು. ‘ನಾಳೆ ಕೋರ್ಟು ಕಚೇರಿ ಅಂತ ನಾನ್ ಅಲೀಬೇಕಾಯ್ತದೆ ಕಣವ್ವ. ನಮ್ಗ್ಯಾಕ್ ಬೇಕು, ಬುಡು’ ಅಂದರು. ನಾನು ಏನು ಹೇಳಿದರೂ ಜಗ್ಗಲಿಲ್ಲ. ಒಳಗಿನಿಂದ ಅವರ ಹೆಂಡತಿ ಬಂದರು. ‘ಆ ಹುಡ್ಗ ನಮ್ಮ ಅಂಗ್ಡಿ ಮುಂದೇನೇ ಬಿದ್ದಿದ್ದಲ್ವಾ? ನೀರ್ ಕುಡ್ಸಿದ್ದು ನಾನೇ. ಅದೇನಿದ್ದಾದೋ ತೋರ್ಸಿ ಅವ್ಳಿಗೆ’ ಅಂದರು. ಆಮೇಲೆ ಯಜಮಾನರು ಮಾತಾಡದೆ ಎದ್ದು ಟಿವಿ ಹಾಕಿದರು. ಆ ಅಮ್ಮನನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಡಿಕ್ಕಿ ಆದದ್ದನ್ನೇ ತೋರಿಸುವ ವಿಡಿಯೋ ಸಿಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಅದು ಎರಡರಲ್ಲೂ ಇರಲಿಲ್ಲ. ಬಂಕಿನ ಕ್ಯಾಮೆರಾ ಪಂಪುಗಳ ಕಡೆ ಇತ್ತು. ಅದರ ಮೇಲಿನ ಅಂಚಿನಲ್ಲಿ ರಸ್ತೆಯ ಒಂದು ಪಟ್ಟಿ ಕಾಣುತ್ತದೆ. ಆ ಪಟ್ಟಿಯಲ್ಲಿ ಒಂದು ಬೈಕು, ಬಿಳಿ ಹೆಲ್ಮೆಟ್, ಹೆಡ್‌ಲೈಟ್ ಉರಿಯುತ್ತಿದೆ, ಎಡಬದಿಯಲ್ಲಿ ಮಂಡ್ಯದ ಕಡೆಗೆ ಹೋಗುತ್ತದೆ. ಅಷ್ಟೇ. ಹಾರ್ಡ್‌ವೇರ್ ಅಂಗಡಿಯ ವಿಡಿಯೋದಲ್ಲಿ ಅಂಡರ್‌ಪಾಸ್ ಬಾಯಿ ಕಾಣುತ್ತದೆ. ಕಾರು ಅಲ್ಲಿ ನಿಲ್ಲದೆ, ನಿಧಾನವೂ ಮಾಡದೆ ಹೊರಗೆ ಬರುತ್ತದೆ. ಮುಂದೆ ನೀರಿನ ಟ್ಯಾಂಕುಗಳು ಅಡ್ಡ. ಆಮೇಲೆ ಜನ ಓಡುವುದು ಕಾಣುತ್ತದೆ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ನಂಬರ್ ಪ್ಲೇಟ್ ಪೂರ್ತಿ ಬೆಳ್ಳಗಾಗಿ ಒಂದಕ್ಷರವೂ ಓದಲು ಬರುವುದಿಲ್ಲ. ಕಾರಿನ ನಂಬರು ಹೇಗೂ ಎಫ್‌ಐಆರ್‌ನಲ್ಲಿ ಇದ್ದದ್ದರಿಂದ ಅದು ನಮಗೆ ತೊಂದರೆ ಆಗಲಿಲ್ಲ.

ಮೊದಲು ನೋಡಿದಾಗ ಚಿಕ್ಕಪ್ಪನ ಮಗ, ‘ಇದರಲ್ಲಿ ಏನೂ ಇಲ್ವಲ್ಲಕ್ಕ’ ಅಂದ. ಆದರೆ ಸ್ವಲ್ಪ ಯೋಚಿಸಿ ನೋಡಿ. ಬಂಕು ಇರುವುದು ಮದ್ದೂರಿನ ಕಡೆ. ತಮ್ಮ ರಾಂಗ್ ಸೈಡಲ್ಲಿ ಬಂದಿದ್ದರೆ ಮಂಡ್ಯದ ಕಡೆಯಿಂದ ಬಂದಿರಬೇಕು. ಹಾಗಿದ್ದರೆ ಅವನು ಡಿಕ್ಕಿಗೆ ಮೊದಲು ಬಂಕಿನ ಮುಂದೆ ಹೋಗಿರಲು ಸಾಧ್ಯವೇ ಇಲ್ಲ. ಡಿಕ್ಕಿಗೆ ಸ್ವಲ್ಪ ಮುಂಚೆ ಅವನು ಬಂಕಿನ ಮುಂದೆ ಸರಿಯಾದ ದಿಕ್ಕಿನಲ್ಲಿ ಹೋದ ಅಂತ ತೋರಿಸಿದರೆ ಕಾರಿನವರ ಮಾತು ನಿಲ್ಲುವುದಿಲ್ಲ. ಡಿಕ್ಕಿ ಕಾಣದಿದ್ದರೂ ಸಾಕ್ಷಿ ಸಾಕ್ಷಿಯೇ. ಅದಕ್ಕೇ ಅಪಘಾತದ ಜಾಗದಲ್ಲಿ ಕ್ಯಾಮೆರಾ ಇಲ್ಲ ಅಂತ ಯಾರೂ ಮನೆಗೆ ವಾಪಸ್ ಹೋಗಬಾರದು. ಬಂದ ದಾರಿಯಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಬೇಕು. ಆ ಹೊತ್ತಿಗೆ ಆ ರಸ್ತೆಯಲ್ಲಿ ದಿನಾ ಹೋಗುವ ಕಾರು, ಬಸ್ಸುಗಳಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಅದನ್ನೂ ಕೇಳಬೇಕು. ಅವುಗಳ ಮೆಮೊರಿ ಕಾರ್ಡು ಡಿವಿಆರ್‌ಗಿಂತ ಬೇಗ ತುಂಬುತ್ತದೆ, ಹಾಗಾಗಿ ಇನ್ನೂ ಬೇಗ ಕೇಳಬೇಕು.

ಇನ್ನು ಸಮಯದ ವಿಷಯ. ಬಂಕಿನ ಡಿವಿಆರ್ 14 ನಿಮಿಷ ಮುಂದಿತ್ತು. ಅಂಗಡಿಯದ್ದು 6 ನಿಮಿಷ ಹಿಂದಿತ್ತು. ಬೈಕು ಬಂಕ್ ದಾಟುವಾಗ ಪರದೆಯಲ್ಲಿ 7.22, ಕಾರು ಅಂಡರ್‌ಪಾಸಿನಿಂದ ಬರುವಾಗ ಪರದೆಯಲ್ಲಿ 7.02. ಬರೀ ಪರದೆ ನೋಡಿದವರಿಗೆ ಕಾರು ಮೊದಲು ಬಂದು, ಇಪ್ಪತ್ತು ನಿಮಿಷದ ಮೇಲೆ ಬೈಕು ಬಂದ ಹಾಗೆ ಕಾಣುತ್ತದೆ. ಸರಿ ಮಾಡಿ ಲೆಕ್ಕ ಹಾಕಿದರೆ ಎರಡೂ 7.08. ಇದನ್ನು ಸಾಬೀತು ಮಾಡಲು ನಾವು ಮಾಡಿದ್ದು ಸುಲಭದ ಕೆಲಸ. ಪರದೆಯಲ್ಲಿ ಆಗ ಓಡುತ್ತಿದ್ದ ಗಡಿಯಾರವನ್ನೂ ಅದರ ಪಕ್ಕ ಮೊಬೈಲಿನ ಸಮಯವನ್ನೂ ಒಂದೇ ಫೋಟೋದಲ್ಲಿ ತೆಗೆದೆವು. ಯಾರೂ ಗಡಿಯಾರ ಸರಿಪಡಿಸಬೇಡಿ ಅಂತ ಮ್ಯಾನೇಜರ್‌ಗೆ ಕೇಳಿಕೊಂಡೆವು. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಆಗಲೇ ಸರಿ ಮಾಡಲು ಹೊರಟಿದ್ದರು. ಸರಿ ಮಾಡಿಬಿಟ್ಟಿದ್ದರೆ ಆ ದಿನ ಎಷ್ಟು ವ್ಯತ್ಯಾಸ ಇತ್ತು ಅಂತ ತೋರಿಸಲು ನಮಗೆ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಸಿಕ್ಕಿತು. ಕಬ್ಬು ತುಂಬಿದ ಒಂದು ಟ್ರ್ಯಾಕ್ಟರ್, ಒಂದೇ ಹೆಡ್‌ಲೈಟ್ ಉರಿಯುತ್ತಿದ್ದದ್ದು. ಬಂಕಿನ ವಿಡಿಯೋದಲ್ಲಿ ಅದು ತಮ್ಮನ ಬೈಕಿಗೆ ಸ್ವಲ್ಪ ಮುಂಚೆ ಹೋಗುತ್ತದೆ. ನಡುವೆ ಬೈಕು ಅದನ್ನು ಹಿಂದೆ ಹಾಕಿರಬೇಕು, ಅಂಗಡಿಯ ವಿಡಿಯೋದಲ್ಲಿ ಜನ ಓಡಿದ ಮೇಲೆ ಅದೇ ಟ್ರ್ಯಾಕ್ಟರ್ ನಿಧಾನವಾಗಿ ಬಂದು ನಿಲ್ಲುತ್ತದೆ. ಎರಡು ಕ್ಯಾಮೆರಾಗಳ ಕಾಲವನ್ನು ಕೂಡಿಸಿದ್ದು ಆ ಒಂಟಿ ಲೈಟು. 108ಕ್ಕೆ ಫೋನ್ ಮಾಡಿದವರ ಮೊಬೈಲಿನಲ್ಲಿ ಕರೆಯ ಸಮಯ 7.11 ಇತ್ತು. ಅದೂ ಹೊಂದಿತು.

ಈ ಎಲ್ಲ ಹೇಳಿ ತನಿಖಾಧಿಕಾರಿಗೆ ಒಂದು ಅರ್ಜಿ ಕೊಟ್ಟೆ. ಯಾವ ಕ್ಯಾಮೆರಾ, ಯಾರ ಹತ್ತಿರ ಕೇಳಬೇಕು, ಯಾವ ಸಮಯ, ಗಡಿಯಾರ ಎಷ್ಟು ವ್ಯತ್ಯಾಸ, ಎಲ್ಲ ಒಂದೇ ಪುಟದಲ್ಲಿ. ಠಾಣೆಯಲ್ಲಿ ಕೆಲಸ ಎಷ್ಟಿರುತ್ತದೆ ಅಂತ ಹೋದವರಿಗೇ ಗೊತ್ತು. ವಿಡಿಯೋ ಹುಡುಕಿ ಕೊಡಿ ಅಂತ ಕೇಳುವುದಕ್ಕಿಂತ, ವಿಡಿಯೋ ಇಲ್ಲಿದೆ, ಬಂದು ತೆಗೆದುಕೊಳ್ಳಿ ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ. ಅರ್ಜಿಗೆ ಸ್ವೀಕೃತಿ ಕೇಳಿದಾಗ ಕೊಟ್ಟರು. ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಲ್ಲಿ ಪೊಲೀಸರು ಇಂಥ ದಾಖಲೆ ಹಾಜರುಪಡಿಸಿ ಅಂತ ನೋಟಿಸ್ ಕೊಡಬಹುದು. ಆ ನೋಟಿಸ್ ಹೋದ ಮೇಲೆ ಬಂಕಿನ ಓನರ್‌ಗೂ ಧೈರ್ಯ ಬಂತು. ತಾನಾಗಿ ಕೊಟ್ಟದ್ದಲ್ಲ, ಕಾನೂನು ಕೇಳಿದ್ದಕ್ಕೆ ಕೊಟ್ಟದ್ದು ಅಂತ ಆಗುತ್ತದಲ್ಲ.

ಪೊಲೀಸರು ಬಂದು ಇಬ್ಬರು ಪಂಚರ ಮುಂದೆ ಮಹಜರು ಬರೆದರು. ಹೊಸ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಸೀಲ್ ಮಾಡಿದರು. ಗಡಿಯಾರದ ವ್ಯತ್ಯಾಸವನ್ನು ಮಹಜರಿನಲ್ಲೇ ಬರೆಯಿರಿ ಸರ್ ಅಂತ ಕೇಳಿಕೊಂಡೆ. ಬರೆದರು. ಆ ಒಂದು ಸಾಲು ಮುಂದೆ ನಮ್ಮನ್ನು ಕಾಪಾಡಿತು.

ಕಾಪಿ ಮಾಡುವಾಗ ಗಮನಿಸಬೇಕಾದದ್ದು ಒಂದಿದೆ. ಡಿವಿಆರ್‌ನಲ್ಲಿ ಬ್ಯಾಕಪ್ ಅಂತ ಆಯ್ಕೆ ಇರುತ್ತದೆ. ಅದರಲ್ಲಿ ಆ ಯಂತ್ರದ್ದೇ ಫಾರ್ಮ್ಯಾಟ್‌ನಲ್ಲಿ ತೆಗೆದುಕೊಳ್ಳಬೇಕು, ಅದನ್ನು ಓಡಿಸುವ ಪ್ಲೇಯರ್ ಕೂಡ ಜೊತೆಗೆ ಇರಬೇಕು. ನೋಡಲು ಸುಲಭ ಅಂತ ಇನ್ನೊಂದು ಪ್ರತಿಯನ್ನು ಎಂಪಿ4ಗೆ ಬದಲಾಯಿಸಿಕೊಂಡರೆ ತೊಂದರೆ ಇಲ್ಲ, ಆದರೆ ಮೂಲ ಪ್ರತಿ ಹಾಗೇ ಇರಬೇಕು. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ್ದು ನಮ್ಮ ತಿಳಿವಳಿಕೆಗೆ ಸರಿ, ಅದನ್ನೇ ಸಾಕ್ಷಿ ಅಂತ ನಂಬಿ ಕೂರಬಾರದು. ವಾಟ್ಸಾಪ್‌ನಲ್ಲಿ ಕಳಿಸಿದರೆ ಫೈಲು ಕುಗ್ಗುತ್ತದೆ, ಅದರ ಒಳಗಿನ ವಿವರಗಳು ಹೋಗುತ್ತವೆ. ನಮ್ಮ ನೆಂಟರಲ್ಲಿ ಕೆಲವರು ಸ್ಟೇಟಸ್ ಹಾಕೋಣ, ಆ ಕಾರಿನವರ ಮರ್ಯಾದೆ ತೆಗೆಯೋಣ ಅಂದರು. ನಾನು ಒಪ್ಪಲಿಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದ ಯಾರು ಯಾರೋ ಅದರಲ್ಲಿದ್ದಾರೆ. ಅಷ್ಟಲ್ಲದೆ ನಾಲ್ಕು ಜನರ ಕೈ ದಾಟಿದ ವಿಡಿಯೋ ಬಗ್ಗೆ ಎಡಿಟ್ ಮಾಡಿದ್ದಾರೆ ಅಂತ ಹೇಳುವುದು ಎದುರಿನವರಿಗೆ ಸಲೀಸು.

ಆರ್‌ಟಿಐ ಹಾಕಿದರೆ ಆಗುವುದಿಲ್ಲವಾ ಅಂತ ಅನೇಕರು ಕೇಳುತ್ತಾರೆ. ಪೊಲೀಸರದ್ದೋ ನಗರಸಭೆಯದ್ದೋ ಕ್ಯಾಮೆರಾ ಆದರೆ ಹಾಕಬಹುದು, ಶುಲ್ಕ 10 ರೂಪಾಯಿ. ಆದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯ ಇದೆ. ತನಿಖೆಗೆ ಅಡ್ಡಿ ಆಗುತ್ತದೆ ಅಂತ ನಿರಾಕರಿಸಲೂ ಅವಕಾಶ ಇದೆ. ಅಷ್ಟರಲ್ಲಿ ರೆಕಾರ್ಡಿಂಗ್ ಹೋಗಿರುತ್ತದೆ. ಹಾಕುವುದಾದರೆ ಹಾಕಿ, ಅದರ ಮೊದಲು ಕಾಯ್ದಿಡಿ ಅನ್ನುವ ಪತ್ರ ಹೋಗಲೇಬೇಕು. ಖಾಸಗಿ ಅಂಗಡಿಗೆ ಆರ್‌ಟಿಐ ಅನ್ವಯಿಸುವುದೇ ಇಲ್ಲ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಜನ ಜಾಸ್ತಿ ಸೇರುವ ಜಾಗಗಳಲ್ಲಿ ಸಿಸಿಟಿವಿ ಇರಬೇಕು, 30 ದಿನದ ರೆಕಾರ್ಡಿಂಗ್ ಇಡಬೇಕು, ಪೊಲೀಸರು ಕೇಳಿದರೆ ಕೊಡಬೇಕು ಅಂತ ಅದು ಹೇಳುತ್ತದೆ. ದೊಡ್ಡ ಆಸ್ಪತ್ರೆ, ಮಾಲ್, ಬಸ್ ನಿಲ್ದಾಣದ ಹತ್ತಿರ ಅಪಘಾತ ಆದವರು ಇದನ್ನು ಪತ್ರದಲ್ಲಿ ಬರೆಯಬಹುದು. ನಮ್ಮ ಹಾರ್ಡ್‌ವೇರ್ ಅಂಗಡಿಯಂಥ ಸಣ್ಣ ಜಾಗದಲ್ಲಿ ಕೈ ಮುಗಿದು ಕೇಳುವುದೇ ದಾರಿ.

ತಮ್ಮ ಮನೆಗೆ ಬಂದ ಮೇಲೆ ವಿಡಿಯೋ ನೋಡಬೇಕು ಅಂದ. ಅಮ್ಮ ಬೇಡ ಅಂದರು. ನಾನು ಬಂಕಿನದ್ದು ಮಾತ್ರ ತೋರಿಸಿದೆ. ಮತ್ತೆ ಮತ್ತೆ ಹಾಕಿಸಿ ನೋಡಿದ. ‘ನಾನು ಸರಿಯಾಗೇ ಹೋಗ್ತಿದ್ದೆ ಅಲ್ವಾ ಅಕ್ಕ’ ಅಂದ. ರಾಂಗ್ ಸೈಡ್ ಅಂತ ಎಲ್ಲರೂ ಹೇಳುವುದನ್ನು ಕೇಳಿ ಕೇಳಿ ತನ್ನ ಮೇಲೇ ಅವನಿಗೆ ಅನುಮಾನ ಬಂದುಬಿಟ್ಟಿತ್ತು. ಪರಿಹಾರ ಒಂದು ರೂಪಾಯಿ ಬರದಿದ್ದರೂ ಅವತ್ತಿಗೆ ನನ್ನ ಓಡಾಟ ಸಾರ್ಥಕ ಅನಿಸಿತ್ತು.

ಪರಿಹಾರದ ಅರ್ಜಿ ಹಾಕಿಸಿದ್ದು ಮಂಡ್ಯದ ಕೋರ್ಟಿನಲ್ಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಪ್ರಕಾರ ಅಪಘಾತ ಆದ ಜಾಗದ್ದೇ ಟ್ರಿಬ್ಯೂನಲ್‌ಗೆ, ಅಂದರೆ ಅಪಘಾತ ಪರಿಹಾರದ ಕೋರ್ಟಿಗೆ, ಹೋಗಬೇಕು ಅಂತ ಇಲ್ಲ, ಅರ್ಜಿದಾರರು ವಾಸ ಇರುವ ಊರಿನಲ್ಲೂ ಹಾಕಬಹುದು. ಆದರೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಮತ್ತೆ ಬಂದಿದೆ. ಅದೇ ದಿನದಿಂದ ಬಂದ ನಿಯಮಗಳಲ್ಲಿ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ಟ್ರಿಬ್ಯೂನಲ್‌ಗೆ ಕೊಡಬೇಕು. ನಮ್ಮ ವಕೀಲೆ ಮೇಡಂ ಆ ವರದಿಯಲ್ಲಿ ವಿಡಿಯೋ ಮಹಜರು ಸೇರಿದೆಯಾ ಅಂತ ಮೊದಲೇ ನೋಡಿಸಿದರು. ಡಿಸ್ಚಾರ್ಜ್ ಸಮರಿ, ಗಾಯದ ಪ್ರಮಾಣಪತ್ರ, ಬಿಲ್ಲು, ಸಂಬಳದ ಚೀಟಿ ಎಲ್ಲ ಎಲ್ಲರೂ ಕೊಡುವಂಥದ್ದೇ. ಕಾಲು ಎಷ್ಟು ಕೆಟ್ಟಿದೆ ಅಂತ ವಿಡಿಯೋ ಹೇಳುವುದಿಲ್ಲ, ಅದನ್ನು ಡಾಕ್ಟರ್ ಹೇಳಬೇಕು. ತಪ್ಪು ಯಾರದ್ದು ಅನ್ನುವುದಕ್ಕೆ ಮಾತ್ರ ವಿಡಿಯೋ.

ಕಾರಿನ ವಿಮಾ ಕಂಪನಿಯವರು ತಕರಾರು ಹಾಕಿದರು. ಬೈಕ್ ಸವಾರನದ್ದೂ ನಿರ್ಲಕ್ಷ್ಯ ಇದೆ, ಅದಕ್ಕೆ ತಕ್ಕಷ್ಟು ಪರಿಹಾರ ಕಡಿಮೆ ಮಾಡಬೇಕು ಅಂತ. ಇದು ಸಣ್ಣ ಮಾತಲ್ಲ. ಟ್ರಿಬ್ಯೂನಲ್ ಅರ್ಧ ತಪ್ಪು ಸವಾರನದ್ದು ಅಂದರೆ ಹಣ ಅರ್ಧ ಆಗುತ್ತದೆ. ಜೊತೆಗೆ ವಿಡಿಯೋದಲ್ಲಿನ ಸಮಯ ತಪ್ಪಿದೆ, ಪ್ರಮಾಣಪತ್ರ ಇಲ್ಲ, ಹಾಗಾಗಿ ಅದನ್ನು ನೋಡಲೇಬಾರದು ಅಂತಲೂ ಹೇಳಿದರು.

ಪ್ರಮಾಣಪತ್ರ ಅನ್ನುವುದು ಇಲ್ಲಿ ಬಹಳ ದೊಡ್ಡ ವಿಷಯ. ಮೂಲ ಡಿವಿಆರ್ ಪೆಟ್ಟಿಗೆಯನ್ನೇ ಕೋರ್ಟಿಗೆ ತಂದು ತೋರಿಸಿದರೆ ಅದು ಬೇಕಾಗಿಲ್ಲ. ಆದರೆ ಬಂಕಿನವರು ತಮ್ಮ ಡಿವಿಆರ್ ಬಿಚ್ಚಿ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರಾ? ಪೆನ್‌ಡ್ರೈವ್‌ನಲ್ಲಿ ಕಾಪಿ ಕೊಟ್ಟರೆ ಪ್ರಮಾಣಪತ್ರ ಬೇಕೇ ಬೇಕು. ಮೊದಲು ಇದು ಸಾಕ್ಷ್ಯ ಕಾಯ್ದೆಯ 65ಬಿ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಹೊಸ ನಮೂನೆಯಲ್ಲಿ ಎರಡು ಭಾಗ ಇದೆ. ‘ಎ’ ಭಾಗಕ್ಕೆ ಆ ಯಂತ್ರ ನೋಡಿಕೊಳ್ಳುವವರು ಸಹಿ ಮಾಡಬೇಕು, ‘ಬಿ’ ಭಾಗಕ್ಕೆ ತಜ್ಞರು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಅಕ್ಷರ, ಅಂಕಿಗಳ ಒಂದು ಉದ್ದ ಸಾಲು. ವಿಡಿಯೋದಲ್ಲಿ ಒಂದು ಚೂರು ಬದಲಾದರೂ ಆ ಸಾಲು ಪೂರ್ತಿ ಬೇರೆ ಆಗುತ್ತದೆ. ಕಾಪಿ ಮಾಡಿದ ದಿನವೇ ಹ್ಯಾಶ್ ತೆಗೆದು ಬರೆದಿಟ್ಟರೆ, ಕೋರ್ಟಿನಲ್ಲಿ ತೋರಿಸಿದ ಫೈಲೂ ಅದೇ ಅಂತ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು.

ಬಂಕಿನ ಮ್ಯಾನೇಜರ್ ‘ಎ’ ಭಾಗಕ್ಕೆ ಸಹಿ ಹಾಕಿಕೊಟ್ಟರು. ಅಂಗಡಿಯ ಯಜಮಾನರು ಹಿಂಜರಿದರು. ಅವರನ್ನು ಒತ್ತಾಯ ಮಾಡಬೇಡಿ ಅಂತ ಮೇಡಂ ಹೇಳಿದರು. ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಪ್ರಮಾಣಪತ್ರ ಕಡ್ಡಾಯ ಅಂತ ಹೇಳಿದೆ. ಅದೇ ತೀರ್ಪಿನಲ್ಲಿ, ಯಾರಾದರೂ ಕೊಡದಿದ್ದರೆ ಕೋರ್ಟಿನ ಮೂಲಕ ಕೇಳಿಸಬಹುದು ಅಂತಲೂ ಇದೆ. ಅದು ಹಳೆಯ 65ಬಿ ಬಗ್ಗೆ ಬಂದ ತೀರ್ಪಾದರೂ ದಾರಿ ಇದೇ ಅಂದರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 169ರಲ್ಲಿ ಟ್ರಿಬ್ಯೂನಲ್‌ಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಮೇಡಂ ಅರ್ಜಿ ಹಾಕಿದರು, ಸಮನ್ಸ್ ಹೋಯಿತು. ಸಾಕ್ಷಿ ಭತ್ಯೆ ನಾವು ಕಟ್ಟಿದೆವು. ಯಜಮಾನರ ಬದಲು ಅವರ ಮಗ ಬಂದ, ಆ ಡಿವಿಆರ್ ನೋಡಿಕೊಳ್ಳುವುದು ಅವನೇ ಆಗಿದ್ದ. ಸಮನ್ಸ್ ಅನ್ನುವ ಪದಕ್ಕೆ ಜನ ಹೆದರುತ್ತಾರೆ. ಆದರೆ ಅವನು ಹೊರಗೆ ಬಂದು, ‘ಇಷ್ಟೇನಾ ಅಕ್ಕ, ಅಪ್ಪ ಸುಮ್ನೆ ಹೆದ್ರಿಸ್ಬಿಟ್ಟಿದ್ರು’ ಅಂದ.

ಪಾಟೀ ಸವಾಲಿನಲ್ಲಿ ಮ್ಯಾನೇಜರ್‌ಗೆ ಕೇಳಿದ್ದೆಲ್ಲ ಗಡಿಯಾರದ ಬಗ್ಗೆ. ನಿಮ್ಮ ಯಂತ್ರದ ಸಮಯ ತಪ್ಪು ಅಂತ ಒಪ್ಪುತ್ತೀರಾ ಅಂದರು. ಅವರು ಒಪ್ಪುತ್ತೇನೆ, 14 ನಿಮಿಷ ಮುಂದಿತ್ತು, ಮಹಜರಿನಲ್ಲಿ ಬರೆಸಿದ್ದೇವೆ ಅಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಕಾರಿನ ಪರ ವಕೀಲರು ಆ ಬೈಕು ಬೇರೆ ಯಾರದ್ದೋ ಇರಬಹುದಲ್ಲ ಅಂದಾಗ ಮೇಡಂ ಟ್ರ್ಯಾಕ್ಟರ್ ತೋರಿಸಿದರು. ಬಿಳಿ ಹೆಲ್ಮೆಟ್, ಬೈಕಿನ ಹಿಂದೆ ಕಟ್ಟಿದ್ದ ಊಟದ ಬ್ಯಾಗು, ಎಲ್ಲವೂ ಸ್ಥಳದ ಫೋಟೋದಲ್ಲೂ ಇದ್ದವು. ಇಂಥ ಪ್ರಕರಣದಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಚೂರೂ ಸಂಶಯ ಇರಬಾರದು ಅಂತ ಇಲ್ಲ. ಯಾವುದು ನಡೆದಿರುವ ಸಾಧ್ಯತೆ ಹೆಚ್ಚು ಅಂತ ತೋರಿಸಿದರೆ ಸಾಕು. ನಮ್ಮ ಎರಡು ತುಂಡು ವಿಡಿಯೋ ಅಷ್ಟನ್ನು ಮಾಡಿತು.

ಸಾಕ್ಷಿ ಮುಗಿದ ಮೇಲೆ ವಿಮಾ ಕಂಪನಿಯವರೇ ರಾಜಿಗೆ ಬಂದರು. ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿದೆವು. ನಿರ್ಲಕ್ಷ್ಯದ ಪಾಲು ಕಳೆಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮೊತ್ತ ಎಷ್ಟು ಅಂತ ಬರೆಯುವುದು ತಮ್ಮನಿಗೆ ಇಷ್ಟ ಇಲ್ಲ. ಸ್ವಲ್ಪ ಕಡಿಮೆ ಆಯಿತು ಅಂತ ಅಪ್ಪನಿಗೆ ಅನಿಸಿದೆ. ಲೋಕ ಅದಾಲತ್‌ನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಅದನ್ನು ಮೇಡಂ ಮೊದಲೇ ಬಿಡಿಸಿ ಹೇಳಿದ್ದರು. ರಾಡ್ ತೆಗೆಯುವ ಆಪರೇಷನ್ ಇನ್ನೂ ಬಾಕಿ ಇತ್ತು. ವರ್ಷಗಟ್ಟಲೆ ಕಾಯುವುದಕ್ಕಿಂತ ಈಗ ಕೈಗೆ ಬರುವುದು ಮೇಲು ಅಂತ ಅವನೇ ತೀರ್ಮಾನ ಮಾಡಿದ, ನಾವು ಒಪ್ಪಿದೆವು.

ಅಜಾಗರೂಕ ಚಾಲನೆಯ ಕ್ರಿಮಿನಲ್ ಕೇಸು ಬೇರೆ ಇದೆ, ಅದು ಇನ್ನೂ ನಡೆಯುತ್ತಿದೆ. ಅಲ್ಲಿಗೂ ಇದೇ ಪೆನ್‌ಡ್ರೈವ್ ಬೇಕು, ಮ್ಯಾನೇಜರ್‌ಗೂ ಅಂಗಡಿಯ ಹುಡುಗನಿಗೂ ಇನ್ನೊಮ್ಮೆ ಸಮನ್ಸ್ ಬರಬಹುದು. ಅದನ್ನು ಮೊದಲೇ ಹೇಳಿಬರೋಣ ಅಂತ ಹೋದ ವಾರ ಇಬ್ಬರ ಹತ್ತಿರವೂ ಹೋಗಿದ್ದೆ. ಇಬ್ಬರೂ ಬರುತ್ತೇವೆ ಅಂದಿದ್ದಾರೆ.